ಯಜಮಾನರ ಎಡಸುತ್ತು

ಸಾಸಲು ರಸ್ತೆಯಲ್ಲಿರುವ ನಮ್ಮ ನೂಲಿನ ಕಾರ್ಖಾನೆಯ ಗೇಟ್ ರೂಮಿನಲ್ಲಿ ಆ ಸಂಜೆ ನಾವು ಏಳೆಂಟು ಮಂದಿ ಸಿಕ್ಕಿಹಾಕಿಕೊಂಡಿದ್ದೆವು. ಮಧ್ಯಾಹ್ನ ಹಿಡಿದ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಕರೆಂಟು ಹೋಗಿ ಮಿಷನ್ನುಗಳು ನಿಂತಿದ್ದವು. ನಮ್ಮನ್ನು ಕರೆದೊಯ್ಯಲು ದೊಡ್ಡಬಳ್ಳಾಪುರದಿಂದ ಬರಬೇಕಾಗಿದ್ದ ವ್ಯಾನು ಕೆರೆ ಕೋಡಿಯ ಹತ್ತಿರವೇ ನಿಂತುಬಿಟ್ಟಿದೆ ಎಂದು ಯಾರೋ ಸುದ್ದಿ ತಂದರು. ಪ್ಯಾಕಿಂಗ್ ವಿಭಾಗದ ನಾವು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು, ಒಂದೇ ಮೇಣದಬತ್ತಿಯ ಬೆಳಕಿನಲ್ಲಿ ಹುರಿದ ಕಡಲೆಕಾಯಿ ಬಿಡಿಸುತ್ತಿದ್ದೆವು.

ಎರಡು ಸಾವಿರದ ಇಸವಿ ಬಂದ ಕೂಡಲೇ ಹಳೆಯ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಆ ಭಯಕ್ಕೆ ನಮ್ಮ ಕಂಪನಿಯವರೂ ಸೆಕ್ಯೂರಿಟಿ ಕಂಪ್ಯೂಟರಿಗೆ ಹೊಸ ಪ್ರೋಗ್ರಾಮ್ ಹಾಕಿಸಿದ್ದರು. ನಮ್ಮ ಕಾಂಪೌಂಡ್ ಗೋಡೆಯ ಉದ್ದಕ್ಕೂ ಅಲ್ಲಲ್ಲಿ ನಾಲ್ಕಾಣೆಯಷ್ಟಗಲದ ಸ್ಟೀಲ್ ಬಿಲ್ಲೆಗಳಿವೆ. ರೌಂಡ್ಸಿಗೆ ಹೋದ ಗಾರ್ಡು ತನ್ನ ಕೈಯಲ್ಲಿರುವ ಕೋಲನ್ನು ಬಿಲ್ಲೆಗೆ ಮುಟ್ಟಿಸಿದರೆ ಅದು ಕುಂಯ್ ಅನ್ನುತ್ತದೆ. ಬೆಳಗ್ಗೆ ಕೋಲನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಯಾವ ಗಾರ್ಡು ಯಾವ ಬಿಲ್ಲೆಯನ್ನು ಯಾವಾಗ ಮುಟ್ಟಿದ ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೋಲು. ಗೇಟ್ ರೂಮಿನ ಗೋಡೆಯಲ್ಲಿ ಅವಕ್ಕೆ ಸಾಲಾಗಿ ಮೊಳೆ ಹೊಡೆದಿದ್ದರು.

ಹೊಸದಾಗಿ ಸೇರಿದ್ದ ಗಾರ್ಡು ಮಂಜೇಶ ಅಂದು ತನ್ನ ಮೊದಲ ರೌಂಡ್ಸಿಗೆ ಮಳೆ ಬಿಡುವುದನ್ನು ಕಾಯುತ್ತಿದ್ದ. "ಸೈಕಲ್ ಸ್ಟ್ಯಾಂಡ್ ಕಡೆಯಿಂದ ಹೋಗ್ಬೇಡ, ಕ್ಯಾಂಟೀನ್ ಕಡೆಯಿಂದ ಶುರು ಮಾಡು ಅಂದವ್ರೆ ಸೂಪರ್‌ವೈಸರು. ಹೊಸ ಪ್ರೋಗ್ರಾಮು ಹಂಗೈತಂತೆ. ನನಗೇನು ಗುರು, ಹೆಂಗೆ ಸುತ್ತಿದ್ರೂ ನೋಯೋದು ಕಾಲೇ," ಎಂದ.

ಮೂಲೆಯ ಸ್ಟೂಲಿನ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಮುನಿರತ್ನಮ್ಮನವರ ಬೆರಳು ನಿಂತಿತು. ಹೆಣ್ಣಾಳುಗಳ ಚೀಲ ತಪಾಸಣೆ ಮಾಡುವ ಲೇಡೀಸ್ ಗಾರ್ಡ್ ಅವರು. ಖಾಕಿ ಕೋಟಿನೊಳಗೆ ಗಂಟುಕಟ್ಟಿದ ಸೀರೆ, ಹಣೆಯ ಮೇಲೆ ವಿಭೂತಿ. ಕಂಪನಿಯ ಕಾಗದದಲ್ಲಿ ಅವರಿಗೆ ಇನ್ನೂ ಐವತ್ತೇಳು. ನಿಜವಾದ ವಯಸ್ಸನ್ನು ಕೇಳುವ ಧೈರ್ಯ ಮ್ಯಾನೇಜರಿಗೂ ಇರಲಿಲ್ಲ. ನಾವೆಲ್ಲ ಅವರನ್ನು ಅಜ್ಜಿ ಅನ್ನುತ್ತಿದ್ದೆವು.

"ಕೂತ್ಕೊಳೋ ಮಂಜ," ಎಂದರು ಅಜ್ಜಿ. "ಮಳೆ ನಿಲ್ಲೋವರ್ಗೂ ಕೂತ್ಕೊ. ನೀನು ಯಾವ ಕಡೆಯಿಂದ ಹೋಗ್ತೀಯ ಅನ್ನೋದು ನಾನು ಹೇಳೋದು ಕೇಳಿದ ಮೇಲೆ ನೀನೇ ತೀರ್ಮಾನ ಮಾಡು."

ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಕೆನ್ನೆಯ ಒಂದು ಪಕ್ಕಕ್ಕೆ ಸರಿಸಿ, ಅವರು ಶುರು ಮಾಡಿದರು.

ಹಿಂದ್ಗಡೆ ಹತ್ತಿ ಗೋಡೌನ್ ಆಚೆಗೆ ಒಂದು ಕಲ್ಲೈತಲ್ಲ, ಅರಿಶಿನ ಕುಂಕುಮ ಹಚ್ಚಿರೋದು, ನೋಡಿದ್ದೀರಾ? ನೋಡಿರ್ತೀರ, ಕೈ ಮುಗ್ದಿರಲ್ಲ, ಈಗಿನ ಹುಡುಗ್ರು ನೀವು. ಅದು ಮುನೇಶ್ವರ ಸ್ವಾಮಿ. ಈ ಕಂಪನಿ ಬರೋಕೆ ಮುಂಚೆ ಇದೆಲ್ಲ ನಮ್ಮ ರಾಗಿ ಹೊಲ. ಜಮೀನು ಕೊಡೋವಾಗ ನಮ್ಮ ಮಾವ ಕೇಳಿದ್ದು ಒಂದೇ ಮಾತು... ಸ್ವಾಮಿನ ಮಾತ್ರ ಕದಲಿಸ್ಬೇಡಿ ಅಂತ. ಕದಲಿಸ್ಲಿಲ್ಲ, ಇಲ್ಲ ಅನ್ನಬಾರ್ದು. ಮನೆಗೊಂದು ಕೆಲಸ ಅಂದಿದ್ರು, ನಮ್ಮೆಜಮಾನ್ರಿಗೆ ಗಾರ್ಡ್ ಕೆಲಸ ಕೊಟ್ರು. ನಮ್ಮ ಹೊಲಕ್ಕೆ ನಾವೇ ಸಂಬಳಕ್ಕೆ ಕಾವಲು. ನಗ್ಬೇಡ ಕಣೇ ದಿವ್ಯ, ಆವಾಗ ನಾವೂ ನಕ್ಕಿದ್ವಿ.

ಯಜಮಾನ್ರು ಹೆಂಗಂದ್ರೆ... ಮಾತು ಕಮ್ಮಿ, ಕೋಪ ಜಾಸ್ತಿ. ಮನೇಲಿ ಸಾರಿಗೆ ಉಪ್ಪು ಕಮ್ಮಿಯಾದ್ರೆ ಒಂದು ಮಾತಾಡ್ತಿರ್ಲಿಲ್ಲ, ತಟ್ಟೆ ಸರಿಸಿ ಎದ್ದು ಹೋಗೋರು. ಆದ್ರೆ ಒಂದು ಮಾತು ಕೊಟ್ರು ಅಂದ್ರೆ, ಆಕಾಶ ಕಳಚಿ ಬೀಳ್ಲಿ, ಅದನ್ನ ಮಾಡೋರೇ. ಇದನ್ನ ನೆನಪಿಟ್ಕೊಳ್ಳಿ, ಮುಂದಕ್ಕೆ ಬೇಕಾಗ್ತದೆ.

ಆವಾಗ ಈ ಕೋಲು ಬಿಲ್ಲೆ ಏನೂ ಇರ್ಲಿಲ್ಲ. ಲಾಠಿ ಕುಟ್ಕೊಂಡು, ವಿಷಲ್ ಊದ್ಕೊಂಡು ಸುತ್ತೋರು. ಎಲ್ಲಾ ಗಾರ್ಡ್‌ಗಳೂ ಸೈಕಲ್ ಸ್ಟ್ಯಾಂಡ್ ಕಡೆಯಿಂದ ಹೊರಟು, ಗೋಡೆ ಪಕ್ಕದಲ್ಲೇ ಹೋಗಿ, ಗೋಡೌನ್ ಹಿಂದ್ಗಡೆ ಬಳಸಿ, ಕ್ಯಾಂಟೀನ್ ಕಡೆಯಿಂದ ಗೇಟಿಗೆ ಬರೋರು. ಯಾಕೆ ಹೇಳಿ? ಹಂಗೆ ಹೋದ್ರೆ ಸ್ವಾಮಿ ನಮ್ಮ ಬಲಗೈ ಕಡೆ ಇರ್ತಾನೆ, ಕಾಂಪೌಂಡ್ ಸುತ್ತಿದ್ರೆ ಸ್ವಾಮಿಗೆ ಪ್ರದಕ್ಷಿಣೆ ಹಾಕ್ದಂಗೆ. ಕ್ಯಾಂಟೀನ್ ಕಡೆಯಿಂದ ಹೊರಟ್ರೆ ಎಡಸುತ್ತು. ಎಡಸುತ್ತು ಯಾವಾಗ ಸುತ್ತುತಾರೆ ಗೊತ್ತಲ್ಲ? ಮಣ್ಣು ಮಾಡೋವಾಗ, ಮಡಕೆ ಹೊತ್ಕೊಂಡು. ಅದು ಸತ್ತೋರ ದಾರಿ ಕಣಪ್ಪ. ಯಾರೂ ಹೇಳಿಕೊಟ್ಟಿದ್ದಲ್ಲ, ದೂರದ ಊರುಗಳಿಂದ ಬಂದ ಗಾರ್ಡ್‌ಗಳೂ ಒಂದು ದಿನ ನೋಡಿ ತಾವಾಗೇ ಹಂಗೆ ಸುತ್ತೋರು.

ಆಮೇಲೆ ಬಂದ ನೋಡಿ ಹೊಸ ಮ್ಯಾನೇಜರು. ಗಾರ್ಡ್‌ಗಳು ರೌಂಡ್ಸ್ ಹೊಡಿಯಲ್ಲ, ಚಳಿ ಕಾಯಿಸ್ಕೊಂಡು ಕೂರ್ತಾರೆ ಅಂತ ಕಂಪ್ಯೂಟರ್ ತರಿಸ್ದ. ಇಲ್ಲೇ ಪಕ್ಕದ ವಿಜಯಪುರದ ಉಮಾಶಂಕರ ಅಂತ, ರೇಷ್ಮೆ ರೀಲಿಂಗ್ ಮನೆಯೋನು, ಹೆಂಡ್ತಿ ಮಕ್ಕಳಿರೋ ಸಂಸಾರಸ್ಥ, ಒಳ್ಳೆ ಮನುಷ್ಯ, ಅವನೇ ಬಿಲ್ಲೆ ಹೊಡೆದು ಪ್ರೋಗ್ರಾಮ್ ಕೂರಿಸಿದ್ದು. ಕೋಲು ಬಲಗೈಲಿರ್ತದೆ, ಗೋಡೇನೂ ಬಲಕ್ಕಿದ್ರೆ ಮುಟ್ಟಿಸೋದು ಸಲೀಸು ಅಂತ ಯೋಚ್ನೆ ಮಾಡಿ, ಕ್ಯಾಂಟೀನ್ ಕಡೆಯಿಂದ ಒಂದು ಎರಡು ಮೂರು ಅಂತ ನಂಬರ್ ಕೊಟ್ಬಿಟ್ಟ. ಪಾಪ, ಅವನಿಗೆ ಸ್ವಾಮಿ ವಿಷಯ ಏನು ಗೊತ್ತು? ನಂಬರ್ ವರಸೆ ತಪ್ಪಿ ಮುಟ್ಟಿಸಿದ್ರೆ ಕಂಪ್ಯೂಟರು ಅದನ್ನ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ. ಎಲ್ಲಾ ಬಿಲ್ಲೆ ಮುಟ್ಟಿದ್ರೂ ಸರಿ, ಬೆಳಗ್ಗೆ ನೋಡಿದ್ರೆ 'ರೌಂಡ್ಸ್ ಆಗಿಲ್ಲ' ಅಂತಿತ್ತು.

ಮಿಕ್ಕೋರೆಲ್ಲ ಏನ್ಮಾಡ್ತಾರೆ, ಹೊಟ್ಟೆಪಾಡು. ಹೆಡ್ ಗಾರ್ಡ್ ಪಿಳ್ಳಣ್ಣನಂತೂ ಸ್ವಾಮಿ ಎದುರಿಗೆ ಬಂದಾಗ ಬೂಟು ಕಳಚಿ, ಕೆನ್ನೆಗೆ ಹೊಡ್ಕೊಂಡು, ತಪ್ಪಾಯ್ತಪ್ಪಾ ಅಂತ ಹೇಳಿ, ಎಡಸುತ್ತೇ ಸುತ್ತೋನು. ಯಜಮಾನ್ರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ದಿನಾ ಸೈಕಲ್ ಸ್ಟ್ಯಾಂಡ್ ಕಡೆಯಿಂದಲೇ ಹೋಗೋರು, ಎಡಗೈಗೆ ಕೋಲು ತಗೊಂಡು ಒಂದೂ ಬಿಡ್ದೆ ಮುಟ್ಟಿಸೋರು, ದಿನಾ ಬೆಳಗ್ಗೆ ಅವರ ನಂಬರ್ ಮುಂದೆ 'ಆಗಿಲ್ಲ, ಆಗಿಲ್ಲ, ಆಗಿಲ್ಲ'. ವರಸೆ ತಿರುಗಿಸೋಕೆ ಒಂದು ಗಳಿಗೆ ಸಾಕು ಸಾರ್ ಅಂತ ಉಮಾಶಂಕರ ಹೇಳಿದ್ನಂತೆ. ಒಂದು ಕಲ್ಲಿಗೋಸ್ಕರ ಪ್ರೋಗ್ರಾಮ್ ಬದಲಾಯಿಸೋಕಾಗಲ್ಲ ಅಂದ್ನಂತೆ ಮ್ಯಾನೇಜರು. ನೋಡಿ ಅಹಂಕಾರ... ಆಗಲ್ಲ ಅಂತಲ್ಲ, ಮಾಡಲ್ಲ ಅಂತ.

ಒಂದಿನ ಯಜಮಾನ್ರನ್ನ ಕರೆಸಿ, ನಾಳೆಯಿಂದ ನಂಬರ್ ಪ್ರಕಾರ ಸುತ್ತಬೇಕು, ಇಲ್ಲ ಯೂನಿಫಾರಂ ಕಳಚಿಟ್ಟು ಹೋಗ್ಬೇಕು ಅಂದ. ಸಾಯಂಕಾಲ ಮನೆಗೆ ಬಂದು ಜಗಲಿ ಮೇಲೆ ಕೂತ್ಕೊಂಡ್ರು. ಏನಂದ್ರಿ ಅವನಿಗೆ ಅಂತ ಕೇಳಿದೆ. "ಬದುಕಿರೋನು ಸ್ವಾಮಿಗೆ ಎಡಸುತ್ತು ಸುತ್ತಲ್ಲ ಸಾರ್, ಸತ್ತ ಮೇಲೆ ಬೇಕಾದ್ರೆ ನೀವು ಹೇಳ್ದಂಗೆ ಸುತ್ತುತೀನಿ ಅಂತ ಹೇಳ್ಬಿಟ್ಟು ಬಂದೆ ಕಣೇ," ಅಂದ್ರು. ಅಂದು ನಕ್ರು. ನಾನೂ ನಕ್ಕೆ... ಮುದ್ದೆ ಉಂಡು, ಟಿಫನ್ ಡಬ್ಬಿ ತಗೊಂಡು, ಡ್ಯೂಟಿಗೆ ಹೋದ್ರು.

ಬೆಳಗ್ಗೆ ಪಿಳ್ಳಣ್ಣ ಓಡಿ ಬಂದ. ಸ್ವಾಮಿ ಎದುರಿನ ಗೋಡೆಗೆ ಒರಗಿ ಕೂತವ್ರೆ, ಕೋಲು ಎಡಗೈಲೇ ಐತೆ, ಉಸಿರಿಲ್ಲ. ಎದೆನೋವಂತೆ, ಡಾಕ್ಟರು ಹೇಳಿದ್ರು. ಹೋಗ್ಲಿ... ಸಾವು ಯಾರಿಗೆ ಬರಲ್ಲ? ನಾನು ಅತ್ತೆ, ಎದೆ ಬಡ್ಕೊಂಡೆ, ಆಮೇಲೆ ತಡ್ಕೊಂಡೆ. ತಡ್ಕೊಳ್ಳೋಕಾಗದೇ ಇದ್ದಿದ್ದು ಮಾರನೇ ದಿನದ್ದು. ಆ ಮ್ಯಾನೇಜರು ಗೇಟಿನ ನೋಟೀಸ್ ಬೋರ್ಡಿಗೆ ಹಾಕ್ಸಿದ. ನಾಲ್ಕನೇ ನಂಬರಿನ ಗಾರ್ಡು ರೌಂಡ್ಸ್ ಹೊಡೀದೆ ಡ್ಯೂಟೀಲಿ ಮಲಗಿದ್ದ, ಹಂಗೇ ತೀರ್ಕೊಂಡವ್ನೆ, ಕಂಪ್ಯೂಟರ್ ರಿಪೋರ್ಟೇ ಸಾಕ್ಷಿ, ಮಿಕ್ಕೋರು ಬುದ್ಧಿ ಕಲೀಬೇಕು ಅಂತ.

ಮಲಗಿದ್ರಂತೆ! ತನ್ನ ಜನ್ಮದಲ್ಲಿ ಒಂದಿನ ಹೊತ್ತು ಹುಟ್ಟಿದ ಮೇಲೆ ಹಾಸಿಗೇಲಿರ್ದಿದ್ದ ಮನುಷ್ಯನ್ನ... ಬಂದೋರು ಹೋದೋರೆಲ್ಲ ಓದ್ಕೊಂಡು ಹೋಗೋರು. ನನಗೆ ಅವರ ಕೆಲಸ ಬೇಡ, ಅವರು ಕೊಡೋ ಪರಿಹಾರ ಬೇಡ. ಆ ಚೀಟಿ ಕಿತ್ತಾಕಿ, ಸುತ್ತುತಾ ಇದ್ದಾಗ್ಲೇ ಸತ್ತ ಅಂತ ಅದೇ ಗೇಟಲ್ಲಿ ನಿಂತು ಹೇಳ್ಬೇಕು, ಅಷ್ಟೇ. ಹೋಗಿ ಕೇಳಿದೆ. ಒಳಕ್ಕೇ ಬಿಡಲಿಲ್ಲ. ಸರಿ, ನೀವು ಬಿಡದಿದ್ರೆ ನೀವೇ ಕರೆಸೋ ಹಂಗಾಗ್ಲಿ ಅಂತ ಗೇಟಿನ ಮುಂದಿನ ಮಣ್ಣು ಹಿಡಿದು ಅಂದ್ಬಿಟ್ಟು ಬಂದೆ.

ತಿಥಿ ಮುಗೀತು. ಮುಗಿದ ಮಾರನೇ ಬೆಳಗ್ಗೆ ಉಮಾಶಂಕರ ಸತ್ತೋರ ಲೆಕ್ಕ ಅಳಿಸೋಣ ಅಂತ ನಾಲ್ಕನೇ ನಂಬರ್ ಕೋಲು ತಗೊಂಡು ಕಂಪ್ಯೂಟರಿಗೆ ಸಿಕ್ಕಿಸಿದ್ನಂತೆ. ಮೊಳೆಗೆ ನೇತಾಕಿದ್ದ ಕೋಲು, ಯಾರೂ ಮುಟ್ಟಿದ್ದಲ್ಲ. ಪರದೆ ಮೇಲೆ ಹಸಿರಕ್ಷರ ಒಂದೊಂದಾಗಿ ಬಂತಂತೆ. ಗೇಟು, ಕ್ಯಾಂಟೀನು, ಬಾಯ್ಲರು, ಸ್ವಾಮಿ ಎದುರಿನ ಗೋಡೆ, ಗೋಡೌನು, ಸೈಕಲ್ ಸ್ಟ್ಯಾಂಡು, ಗೇಟು. ಹಿಂದಿನ ರಾತ್ರಿದು. ಒಂದೂ ತಪ್ಪಿಲ್ಲ, ಒಂದೂ ಬಿಟ್ಟಿಲ್ಲ, ಕಂಪ್ಯೂಟರಿಗೆ ಬೇಕಾದ ವರಸೇಲೇ. ಅಲ್ಲಿವರ್ಗೂ ಯಾವ ಗಾರ್ಡೂ ಅಷ್ಟು ಸರಿಯಾಗಿ ರೌಂಡ್ಸ್ ಹೊಡೆದಿರ್ಲಿಲ್ವಂತೆ.

ಈಗ ಅರ್ಥವಾಯ್ತಾ? ಮಾತು ಕೊಟ್ಟಿದ್ರಲ್ಲ...

ಮ್ಯಾನೇಜರು ನಂಬ್ತಾನಾ? ಇದು ಗಾರ್ಡ್‌ಗಳದೇ ಕಿತಾಪತಿ ಅಂದ. ಕೋಲು ತಗೊಂಡು ತನ್ನ ಮೇಜಿನ ಡ್ರಾಯರಲ್ಲಿಟ್ಟು, ಬೀಗ ಹಾಕಿ, ಬೀಗದ ಕೈನ ಜೇಬಿಗಿಟ್ಕೊಂಡು ಬೆಂಗಳೂರಿಗೆ ಹೋದ. ಬೆಳಗ್ಗೆ ಬಂದು ತಾನೇ ತೆಗೆದ, ತಾನೇ ಸಿಕ್ಕಿಸ್ದ. ಮತ್ತದೇ, ಪೂರ್ತಿ ಎಡಸುತ್ತು. ಮಾರನೇ ದಿನ ಸೆಲ್ಲು ಕಿತ್ತಿಟ್ಟು ಹೋದ. ಆ ರಾತ್ರಿ ಇವತ್ತಿನಂಗೇ ಮಳೆ. ಬೆಳಗ್ಗೆ ಡ್ರಾಯರ್ ಎಳೆದ್ರೆ... ಕೋಲು ಒದ್ದೆ. ಪಕ್ಕದಲ್ಲಿದ್ದ ಕಾಗದ ಪತ್ರ ಎಲ್ಲಾ ಒಣಗಿದಂಗೇ ಅವೆ, ಕೋಲಿಂದ ಮಾತ್ರ ನೀರು ಸೋರ್ತಾ ಐತೆ. ಮ್ಯಾನೇಜರು ಅಲ್ಲೇ ಕುರ್ಚೀಲಿ ಕುಸಿದು ನೀರು ಕೇಳಿದ್ನಂತೆ. ಉಮಾಶಂಕರನೇ ನನಗೆ ಹೇಳಿದ್ದು.

ಗಾರ್ಡ್‌ಗಳು ಒಬ್ಬೊಬ್ಬರೇ ರಜ ಹಾಕಿದ್ರು. ಕಂಪನಿಯೋರು ಸ್ವಾಮಿ ಪೂಜೆ ಮಾಡೋ ಪೂಜಾರಪ್ಪನ್ನ ಕರೆಸಿದ್ರು. ಆತ ಬಂದು, ಕಾಯಿ ಒಡೆದು, ಇದು ನನ್ನ ಕೈಲಾಗೋದಲ್ಲ, ಆ ಮನುಷ್ಯನ ಹೆಂಡ್ತಿನ ಕೇಳಿ ಅಂದುಬಿಟ್ಟ. ನೋಡಿ, ಕರೆಸಿದ್ರೋ ಇಲ್ವೋ? ಗೇಟ್ ಒಳಕ್ಕೆ ಬಿಡದೇ ಇದ್ದೋರು ವ್ಯಾನ್ ಕಳಿಸಿದ್ರು. ನಾನು ವ್ಯಾನ್ ಹತ್ತಲಿಲ್ಲ. ನಡ್ಕೊಂಡೇ ಬಂದೆ, ಹಾಡುಹಗಲಲ್ಲಿ, ಶಿಫ್ಟ್ ಬಿಡೋ ಹೊತ್ತಿಗೆ ಸರಿಯಾಗಿ, ಎಲ್ಲರೂ ನೋಡ್ಲಿ ಅಂತ.

ಮ್ಯಾನೇಜರು ಎದ್ದು ನಿಂತ್ಕೊಂಡ. ನಿಮ್ಮ ಖರ್ಚೆಲ್ಲ ನಾವೇ ನೋಡ್ಕೋತೀವಮ್ಮ, ಶಾಂತಿ ಮಾಡಿಸಿ ನಿಮ್ಮ ಯಜಮಾನ್ರನ್ನ ಕಳಿಸ್ಕೊಡಿ ಅಂದ. ನಾನು ಕೇಳಿದೆ, "ಯಾಕೆ ಕಳಿಸ್ಲಿ ಸ್ವಾಮಿ? ನೀವು ಹೇಳ್ದಂಗೇ ಸುತ್ತುತಾ ಅವ್ರಲ್ಲ. ನಿಮ್ಮ ಕಂಪ್ಯೂಟರಿಗೆ ಬೇಕಾಗಿದ್ದಿದ್ದು ಸತ್ತೋರ ದಾರಿ. ಸತ್ತೋರೇ ಬಂದು ಡ್ಯೂಟಿ ಮಾಡ್ತಾವ್ರೆ. ಇನ್ನೇನು ನಿಮ್ಮ ತಕರಾರು?"

ಬೋರ್ಡ್ ಮೇಲಿರೋದು ಕಿತ್ತಾಕಿ ಅಂದೆ. ರಿಪೋರ್ಟ್ ಹೆಡ್ ಆಫೀಸಿಗೆ ಹೋಗೈತೆ, ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತ ಗೊಣಗಿದ. ಸುಳ್ಳು ಹೇಳಲ್ಲ ನಿಜ, ನೀವು ಕಿವಿ ಮುಚ್ಚು ಅಂದ್ರೆ ಕಿವಿ ಮುಚ್ಕೊಳ್ತದೆ ಅಂದೆ. ಆಗ ಮೂಲೇಲಿ ನಿಂತಿದ್ದ ಉಮಾಶಂಕರ ಬಂದು ಕಂಪ್ಯೂಟರ್ ಮುಂದೆ ಕೂತ್ಕೊಂಡ. ಮ್ಯಾನೇಜರು ಏನ್ರೀ ಮಾಡ್ತಿದ್ದೀರ ಅಂದ, ಇವನು ತಿರುಗಿಯೂ ನೋಡಲಿಲ್ಲ. ನನ್ನ ಕೆಲಸ ಹೋದ್ರೆ ಹೋಗ್ಲಿ ಸಾರ್ ಅಂತ ಟಕಟಕ ಒತ್ತಿ, ವರಸೆ ತಿರುಗಿಸ್ಬಿಟ್ಟ. ಸೈಕಲ್ ಸ್ಟ್ಯಾಂಡ್ ಒಂದು, ಕ್ಯಾಂಟೀನ್ ಕೊನೇದು. ಆಮೇಲೆ ಯಜಮಾನ್ರು ಸತ್ತ ರಾತ್ರಿದನ್ನ ತೆಗೆದ. ಕಂಪ್ಯೂಟರು ಬಿಸಾಕಿರಲ್ವಂತೆ, ಲೆಕ್ಕಕ್ಕೆ ತಗೊಂಡಿರಲ್ಲ ಅಷ್ಟೇ. ಈಗ ತಗೊಳ್ತು.

ನನಗೆ ಓದೋಕೆ ಬರಲ್ಲ. ಉಮಾಶಂಕರನೇ ಬೆರಳಿಟ್ಟು ಓದಿದ. ಗೇಟು, ಸರಿ. ಸೈಕಲ್ ಸ್ಟ್ಯಾಂಡು, ಸರಿ. ಗೋಡೌನು, ಸರಿ. ಸ್ವಾಮಿ ಎದುರಿನ ಗೋಡೆ, ಸರಿ... ಅಲ್ಲಿಗೆ ನಿಂತೋಗಿತ್ತು. ಮುಂದಿನದೆಲ್ಲ ಖಾಲಿ. ಅಲ್ಲೇ ಅಲ್ವಾ ಪಿಳ್ಳಣ್ಣ ಅವರನ್ನ ನೋಡಿದ್ದು? ಅಲ್ಲಿವರ್ಗೂ ನಡ್ಕೊಂಡು ಬಂದಿದ್ರು, ಎದೆ ಹಿಂಡ್ತಿದ್ರೂ ಆ ಬಿಲ್ಲೆ ಮುಟ್ಟಿಸಿ, ಆಮೇಲೆ ಕೂತಿದ್ರು. ನನಗೆ ದುಃಖ ತಡೆಯೋಕಾಗ್ಲಿಲ್ಲ ಕಣ್ರೇ. ಆ ಪರದೆನ ಮುಟ್ಟಿ ಮುಟ್ಟಿ ಅತ್ತೆ. ಮ್ಯಾನೇಜರು ತಲೆ ಬಗ್ಗಿಸ್ಕೊಂಡು ನಿಂತಿದ್ದ.

ಎಲ್ಲರೂ ಗೇಟಿಗೆ ಬಂದ್ವಿ. ಮ್ಯಾನೇಜರು ತಾನೇ ಕೈಯಾರೆ ಚೀಟಿ ಕಿತ್ತ. ಶಿಫ್ಟಿನ ಜನ ಎಲ್ಲಾ ಸುತ್ತ ನಿಂತಿದ್ರು. ನಮ್ಮ ಗಾರ್ಡೊಬ್ಬರು ಡ್ಯೂಟಿ ಮಾಡ್ತಾ ತೀರ್ಕೊಂಡ್ರು, ನಾವು ಹಾಕಿದ್ದು ತಪ್ಪು ಅಂದ. ಗಾರ್ಡೊಬ್ಬರು ಅಂದ್ರೆ ಯಾರು, ಹೆಸರು ಹೇಳಿ ಅಂದೆ. ಪಿಳ್ಳಣ್ಣನ ಮುಖ ನೋಡ್ದ... ಗೊತ್ತಿರ್ಲಿಲ್ಲ ಅವನಿಗೆ. ನಾಲ್ಕನೇ ನಂಬರು ಅಂತ ಗೊತ್ತು, ಹೆಸರು ಗೊತ್ತಿಲ್ಲ.

ನಾನು ಮದುವೆಯಾಗಿ ಬಂದಾಗಿಂದ ಯಜಮಾನ್ರ ಹೆಸರನ್ನ ಬಾಯಲ್ಲಿ ಹೇಳಿದೋಳಲ್ಲ. ರೇಷನ್ ಅಂಗಡೀಲಿ ಕೇಳಿದ್ರೂ ಪಕ್ಕದೋರ ಕೈಲಿ ಹೇಳಿಸ್ತಿದ್ದೆ. ಅವತ್ತು ಆ ಗೇಟಲ್ಲಿ ನಿಂತು, ಇಡೀ ಶಿಫ್ಟಿಗೆ ಕೇಳಿಸೋ ಹಂಗೆ ಕೂಗಿದೆ. "ದೊಡ್ಡಬೀರಪ್ಪ! ದೊಡ್ಡಬೀರಪ್ಪ ಕಣೋ ನನ್ನ ಗಂಡನ ಹೆಸರು. ಹೇಳು ಈಗ." ಅವನು ಹೇಳ್ದ. ಜೋರಾಗಿ ಹೇಳು ಅಂದೆ, ಜೋರಾಗಿ ಹೇಳ್ದ.

ಅಜ್ಜಿ ಇಷ್ಟು ಹೇಳಿ ನಿಲ್ಲಿಸಿದರು. ಮೇಣದಬತ್ತಿ ಅರ್ಧ ಕರಗಿತ್ತು. ಹೊರಗೆ ಮಳೆಯ ಸದ್ದು ಸ್ವಲ್ಪ ಕಮ್ಮಿಯಾದಂತಿತ್ತು. ಕಡಲೆಕಾಯಿ ಬಿಡಿಸುವುದನ್ನು ಯಾವಾಗ ನಿಲ್ಲಿಸಿದೆವೋ ನಮಗೇ ತಿಳಿಯದು.

"ಆಮೇಲೆ ಅವರು ಬರೋದು ನಿಂತು ಹೋಯ್ತಾ ಅಜ್ಜಿ?" ಎಂದು ದಿವ್ಯ ಮೆಲ್ಲಗೆ ಕೇಳಿದಳು.

"ನಿಲ್ಲೋದಾ?" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಮಾರನೇ ಬೆಳಗ್ಗೆ ಕೋಲು ಸಿಕ್ಕಿಸಿ ನೋಡಿದ್ರೆ, ಸ್ವಾಮಿ ಎದುರಿನ ಗೋಡೆಯಿಂದ ಮುಂದಕ್ಕೆ ಇತ್ತು. ಬಾಯ್ಲರು, ಕ್ಯಾಂಟೀನು, ಗೇಟು. ಅರ್ಧಕ್ಕೆ ಬಿಟ್ಟಿದ್ದ ಪ್ರದಕ್ಷಿಣೆ ಮುಗಿಸಿದ್ರು. ಇನ್ನು ಹೋಗ್ಬೋದಿತ್ತು, ಅವರಿಷ್ಟ, ಹೋಗ್ಲಿಲ್ಲ. ತಮ್ಮ ಹೊಲ, ತಮ್ಮ ಸ್ವಾಮಿ, ಯಾರು ಹೋಗು ಅನ್ನೋರು? ಆ ಮ್ಯಾನೇಜರು ವರ್ಗ ಮಾಡಿಸ್ಕೊಂಡು ಹೋದ. ಹೋಗೋಕೆ ಮುಂಚೆ ನನ್ನ ಕರೆದು ಇಲ್ಲಿ ಕೆಲಸ ಕೊಟ್ಟ. ಬೇಡ ಅಂದಿದ್ದೆ, ಆಮೇಲೆ ಯೋಚ್ನೆ ಮಾಡಿ ಸೇರ್ಕೊಂಡೆ. ಯಾಕೆ ಗೊತ್ತಾ? ಇನ್ನೊಬ್ಬ ಬಂದು ಮತ್ತೆ ಅದೇ ತಪ್ಪು ಮಾಡ್ತಾನೆ ಅಂತ ನನಗೆ ಗೊತ್ತಿತ್ತು. ಬಂದ ನೋಡು, ನಿನ್ನ ಸೂಪರ್‌ವೈಸರು."

ಮಂಜೇಶ, "ಸುಮ್ನೆ ಹೆದರಿಸ್ತೀಯ ಬಿಡಜ್ಜಿ," ಎಂದ. ಆದರೆ ಎದ್ದೇಳಲಿಲ್ಲ.

"ಹೆದರಿಸ್ತೀನಾ? ಆ ಕೊನೇ ಮೊಳೇಲಿ ಅವರ ಕೋಲು ನೇತಾಕಿದ್ದೀನಲ್ಲ, ಹೋಗಿ ಮುಟ್ಟಿ ನೋಡು."

ನಾವೆಲ್ಲ ಅತ್ತ ತಿರುಗಿದೆವು. ಗೇಟ್ ರೂಮಿನ ಸೂರು ಎಲ್ಲೂ ಸೋರುತ್ತಿರಲಿಲ್ಲ, ಮಿಕ್ಕ ಕೋಲುಗಳು ಒಣಗಿದ್ದವು. ಕೊನೆಯ ಮೊಳೆಯ ಕೆಳಗೆ ಸಿಮೆಂಟು ನೆಲದ ಮೇಲೆ ಅಂಗೈಯಗಲ ನೀರು ನಿಂತಿತ್ತು. ನಾವು ನೋಡುತ್ತಿದ್ದಂತೆಯೇ ಅದರೊಳಕ್ಕೆ ಇನ್ನೊಂದು ಹನಿ ಬಿತ್ತು. ಯಾರೂ ಹೋಗಿ ಮುಟ್ಟಲಿಲ್ಲ.

ಮಂಜೇಶ ತನ್ನ ಕೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. "ಸೂಪರ್‌ವೈಸರಿಗೆ ಏನು ಹೇಳ್ಲಿ ಅಜ್ಜಿ?"

"ಮುನಿರತ್ನಮ್ಮ ಹೇಳಿದ್ಳು ಅನ್ನು. ಬೇಕಾದ್ರೆ ನನ್ನ ಹತ್ರ ಬಂದು ಮಾತಾಡ್ಲಿ, ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ." ಅಜ್ಜಿ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲು ತೆರೆದು ಹಿಡಿದರು. "ಸೈಕಲ್ ಸ್ಟ್ಯಾಂಡ್ ಕಡೆಯಿಂದಲೇ ಹೋಗಪ್ಪ. ಹಿಂದ್ಗಡೆ ಬೂಟಿನ ಸದ್ದು ಕೇಳಿಸ್ತದೆ. ಹೆದರ್ಕೋಬೇಡ, ತಿರುಗಿ ನೋಡ್ಬೇಡ, ಅವರು ನಿನ್ನ ಜೊತೆಗೇ ಬರ್ತಾರೆ, ಏನೂ ಮಾಡಲ್ಲ. ಆದ್ರೆ ಕ್ಯಾಂಟೀನ್ ಕಡೆಗೆ ತಿರುಗಿದ್ಯೋ... ಎದುರಿಗೇ ಸಿಗ್ತಾರೆ. ನನ್ನ ಕೋಪಾನೇ ನಿಮಗೆಲ್ಲ ತಡ್ಕೊಳ್ಳೋಕಾಗಲ್ಲ ಅಂತೀರಿ. ನಾನೇನೂ ಅಲ್ಲ ಕಣೋ ಅವರ ಮುಂದೆ."